ಬೆಂಡಿನ ಕವಚ

…ಕಾಫಿ ಆಮೇಲೆ. ಮೊದಲು ಇದನ್ನು ಹೇಳು ಮೋಹಿನಿ. ಈ ಕವಚ ಯಾರ ಎದೆಗೆ?

ನನ್ನದಕ್ಕಾ? ಹಾಕಿ ನಿಂತಿದ್ದೇನೆ, ನೋಡು. ಬದಿಯಲ್ಲಿ ಒಂದು ಬುಟ್ಟಿ ಬಂಗುಡೆ ಮೀನು ಹಿಡಿಯುವಷ್ಟು ಜಾಗ ಉಂಟು. ನಗುವುದೆಂತಕ್ಕೆ?

ಕೆಲಸ ಕೆಟ್ಟಿದೆ ಅಂತ ನಾನು ಹೇಳಲಿಲ್ಲ. ನಿನ್ನ ಅಪ್ಪನ ಹಳೇ ಬಲೆಯಿಂದ ತೇಲುವ ಬೆಂಡು ಬಿಚ್ಚಿದ್ದೀ, ತೆಳ್ಳಗೆ ಸೀಳಿದ್ದೀ, ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಹೊಲಿದು ಬೇಗಡೆ ಅಂಟಿಸಿದ್ದೀ. ದೂರದಿಂದ ಉಕ್ಕು. ಎತ್ತಿದರೆ ತೂಕವೇ ಇಲ್ಲ, ನಮ್ಮ ನಾಟಕ ಸಂಘದ ಹಾಗೆ. ರಷ್ಯಾದವರು ಒಬ್ಬನನ್ನು ಆಕಾಶಕ್ಕೆ ಕಳಿಸಿದ್ದೇ ಕಳಿಸಿದ್ದು, ಸಂಘದವರಿಗೂ ಆಕಾಶದಿಂದ ಇಳಿಯುವ ವೀರನೇ ಬೇಕಾಯಿತು. ಕಂಕನಾಡಿಯ ನಾಟಕದ ಹಾಲ್‌ನ ಹಂಚಿನ ಮಾಡಿನಿಂದ, ಹಗ್ಗದಲ್ಲಿ. ಅದಕ್ಕೆ ಹಗುರ ಇರಬೇಕು, ಒಪ್ಪಿದೆ. ಅಗಲ ಯಾಕೆ?

ಆ ಮಡಕೆ ಎಂತಕ್ಕೆ ತೋರಿಸ್ತೀ? ಓ… ತೊಗಟೆಯ ಬಣ್ಣದಲ್ಲಿ ಕುದಿಸಿದರೆ ನೂಲು ಕುಗ್ಗುತ್ತದೆ, ಅದಕ್ಕೇ ಅಗಲ ಬಿಟ್ಟದ್ದು. ನಾನು ಬಿ.ಎ. ಮಾಡಿದೆ ಅಂತ ಬಲೆ ಹೆಣೆಯುವುದು ಮರೆತಿಲ್ಲ ಮಾರಾಯ್ತಿ. ಆದರೆ ಈ ನೂಲು ಆಗಲೇ ಕುದಿದದ್ದು. ನೋಡು, ಬೆರಳಿಗೆ ಕಂದು ಹತ್ತಿತು. ಕುದಿದದ್ದು ಮತ್ತೆ ಕುಗ್ಗುವುದಿಲ್ಲ.

ಇನ್ನು ಆ ಮೊಳೆ ನೋಡು. ಗಂಟು ಹಾಕಿದ ಅಳತೆಯ ದಾರ ಎರಡು ಉಂಟು. ಒಂದು ನನ್ನದು. ಪಕ್ಕದ್ದು ಅದಕ್ಕಿಂತ ಒಂದು ಗೇಣು ಉದ್ದ, ಹಿಡಿದು ನೋಡಿದೆ. ಅಂಥ ಎದೆ ಸಂಘದಲ್ಲಿ ಒಬ್ಬನದೇ. ರಾಫೆಲ್. ದಿನಾ ದಂಡ-ಬಸ್ಕಿ ಹೊಡೆಯುವವ, ಹೊಡೆದದ್ದನ್ನು ಎಲ್ಲರಿಗೂ ಹೇಳುವವ.

ಇಲ್ಲಿಗೆ ಬಂದಿದ್ದನಾ?

ತಲೆ ಆಡಿಸ್ತೀ… ನಾನು ಶಾಲೆಯಲ್ಲಿರುವಾಗ. ಒಳ್ಳೆಯದು. ದೋಣಿಯಿಂದ ನಾಯಿ ಇಳಿದರೂ ಯಾರ ಮನೆಯದು ಅಂತ ಕೇಳುವ ಊರು ಈ ಬೆಂಗ್ರೆ. ಇದೊಂದನ್ನು ಯಾರೂ ನನಗೆ ಹೇಳಲಿಲ್ಲ. ನೀನು ಅವನ ಎದೆಗೆ ದಾರ ಸುತ್ತಿದೆ… ಅವನೇ ಸುತ್ತಿಕೊಂಡನಾ? ನೀನು ಗಂಟು ಮಾತ್ರ ಹಾಕಿದ್ದಾ? ಎಂಥ ಮರ್ಯಾದೆ.

ನಾಳೆ ನಾಟಕ. ನಿನ್ನ ಅಣ್ಣ ಸೇಸಪ್ಪ ನಾಳೆ ಕಡಲಿಗೆ ಇಳಿಯುವುದಿಲ್ಲವಂತೆ. ಬೆಂಗ್ರೆಯನ್ನೇ ದೋಣಿಯಲ್ಲಿ ತುಂಬಿಸಿಕೊಂಡು ಬರ್ತಾನಂತೆ. 'ದೇವದಾಸ ಮಾಸ್ಟ್ರು ಕಡಲಿಗೆ ಹೆದರಿ ಶಾಲೆ ಸೇರಿದವ' ಅಂತ ನಮ್ಮ ಮದುವೆಯ ದಿನದಿಂದ ನನ್ನನ್ನು ಹೇಳಿಕೊಂಡು ಬಂದವ. ನಾನು ಮಾಡಿನಿಂದ ಹಾರುವುದನ್ನು ಕಣ್ಣಾರೆ ನೋಡಬೇಕಂತೆ. ನೋಡಿದ ಮೇಲೆ ಅವನ ಬಾಯಿ ಮುಚ್ಚಬೇಕು. ಅಂಥ ದಿನಕ್ಕೆ ನೀನು ಬೇರೆಯವನ ಅಳತೆಗೆ…

ಪ್ರಾಕ್ಟೀಸಿಗೆ ದಿನಾ ಹೋಗ್ತೇನೆ. ಹೋಗ್ತೇನಲ್ಲ. ಯಾಕೆ ಹಾಗೆ ನೋಡ್ತೀ?

ಸರಿ, ಆ ಶಿರಸ್ತ್ರಾಣ ಕೊಡು. ಇದೆಂತ ಇದು… ಹಣೆಯಿಂದ ಗಲ್ಲದವರೆಗೂ ಮುಚ್ಚಿದ್ದೀ. ಕಣ್ಣಿಗೆ ಎರಡು ಸೀಳು, ಅಷ್ಟೇ. ಹೀಗೆ ಮುಚ್ಚಿದರೆ ಒಳಗೆ ಯಾರಿದ್ದಾರೆ ಅಂತ ನಿನ್ನ ಅಣ್ಣನಿಗೆ ಹೇಗೆ ಗೊತ್ತಾಗಬೇಕು?

ಮೋಹಿನಿ.

ಇದನ್ನು ಬೇಕಂತಲೇ ಮುಚ್ಚಿದ್ದಾ?

…ರಾಫೆಲ್ ಹೇಳಿದನಾ? ಎಲ್ಲ ಹೇಳಿದನಾ? ನಾನು ಹಗ್ಗದಲ್ಲಿ ಅರ್ಧಕ್ಕೆ ನಿಂತದ್ದು… ಕಣ್ಣು ಮುಚ್ಚಿ ಕಿರುಚಿದ್ದು… ಅವನೇ ಏಣಿ ಹತ್ತಿ ಇಳಿಸಿದ್ದು. ಪಾತ್ರ ಅವನಿಗೆ ಹೋದದ್ದು.

ಹೂಂ.

ಅಣ್ಣನಿಗೆ ಗೊತ್ತುಂಟಾ? …ಇಲ್ಲ.

ಇದರಲ್ಲಿ ಬಾಯಿಗೆ ತೂತೇ ಇಲ್ಲ. ಮತ್ತೆ ಮಾತು ಯಾರು ಆಡುವುದು? ನನ್ನನ್ನೇ ಯಾಕೆ ನೋಡ್ತೀ… ಪರದೆಯ ಹಿಂದೆ ನಿಂತು, ನಾನಾ?

ಹೌದು, ರಾಫೆಲನ ಕನ್ನಡ ಕೇಳಿದರೆ ಆಕಾಶದಿಂದ ಬಂದವ ಅಂತ ಯಾರೂ ನಂಬುವುದಿಲ್ಲ. ಸೇಸಪ್ಪನಿಗೆ ನನ್ನ ಸ್ವರ ಗೊತ್ತು, ಕೇಳಿದರೆ ಒಳಗಿರುವುದು ನಾನೇ ಅಂದುಕೊಳ್ತಾನೆ.

ತಗೋ, ಬಿಚ್ಚಿದೆ. ಬೆನ್ನಿಗೆ, ಹಗ್ಗ ಸಿಕ್ಕಿಸುವಲ್ಲಿ, ಇನ್ನೊಂದು ಗಂಟು ಹಾಕು. ಗಟ್ಟಿ ಹಾಕು. ಬಿದ್ದರೆ ಬೀಳುವುದು ನಾನಲ್ವಾ.