ಮದುಮಕ್ಕಳ ಕಲ್ಲು

೧೯೩೬ರ ಬೇಸಿಗೆ. ಹುಬ್ಬಳ್ಳಿಯಲ್ಲಿ ಮೋಟಾರಿಗೆ ಕಾಯುತ್ತ ನನ್ನ ಪಕ್ಕ ಕೂತಿದ್ದವರು ಶಾಸನ ಹುಡುಕುವ ಅಣ್ಣ ಮತ್ತು ಮಗಳ ಮದುವೆಯ ಸಾಮಾನು ಕೊಂಡು ಊರಿಗೆ ಹೊರಟ ತಂಗಿ.

“ಕಾಗದದ ಮ್ಯಾಲೆ ಅಚ್ಚು ತಗೋತೇನಿ ಅಂದಿದ್ದಿ, ಅಣ್ಣಾ. ನಂಬಿ ನಮ್ಮೂರ ಕಲ್ಲು ತೋರಿಸಿದೆ. ನೀ ಕಲ್ಲನ್ನ ಗಾಡ್ಯಾಗ ಹೇರಿಕೊಂಡು ಹೋದಿ.”

“ಅದು ವಿಜಯನಗರದ ಕಾಲದ ಶಾಸನ, ಸುಲಭಾ. ನೀವು ಎಣ್ಣಿ ಹಚ್ಚಿ ಹಚ್ಚಿ ಅಕ್ಷರ ಮುಚ್ಚಿಬಿಟ್ಟಿದ್ರಿ.”

“ಊರ ಮದುಮಕ್ಕಳು ನಮಸ್ಕಾರ ಮಾಡೋ ದೇವರು ಅದು.”

“ದೇವರಲ್ಲ. ಮದುವಿ ತೆರಿಗಿ ಮಾಫ್ ಮಾಡಿದ್ದು ಬರದಾರ, ಅಷ್ಟ.”

“ಹಂಗಾದ್ರ, ಮದುಮಕ್ಕಳು ನಮಸ್ಕಾರ ಮಾಡ್ತಿದ್ದದ್ದು ಅದಕ್ಕ ಇರಬೇಕು.”

ಮೋಟಾರು ಬಂದಾಗ ಅಣ್ಣ ಅವಳ ಗಂಟು ಎತ್ತಿಕೊಂಡ. ಅವಳು ಅದನ್ನು ಕಸಿದುಕೊಂಡು ಹತ್ತಿದಳು.

“ನೀ ಬರಬ್ಯಾಡ. ಆ ಕಲ್ಲಿಲ್ಲದ ಮೊದಲನೇ ಮದುವಿ ನನ್ನ ಮಗಳದು. ಸೋದರಮಾವ ಇಲ್ಲದ ಮದುವಿನೂ ಅದ ಆಗ್ಲಿ.”