ಮೂರನೇ ಕೂಗು

ಕೂಸಿಗೆ ಗಾಳಿ ಬಡದೈತಿ. ಓಣಿ ಮಂದಿಯೆಲ್ಲಾ ನಂಬಿರೋದು ಅದನ್ನ, ಅದರಾಗ ಯಾರಿಗೂ ಅನುಮಾನ ಇಲ್ಲ. ರಾತ್ರಿ ಹನ್ನೊಂದರ ಮ್ಯಾಲ ಯಾವುದೋ ಬಂದು ನಮ್ಮ ಬಾಗಿಲಿಗೆ ನಿಂತು ಎರಡು ಸಲ ಕರೀತು, ಮೂರನೇ ಸಲ ಕರೀಲಿಲ್ಲ. ಮನುಷ್ಯಾರಾದ್ರ ಮೂರು ಸಲ ಕರೀತಾರ. ದೆವ್ವಕ್ಕ ಎರಡರ ಮ್ಯಾಲ ಕರಿಯಾಕ ಬರಂಗಿಲ್ಲ. ಅಲ್ಲಿಗೆ ಮುಗೀತು!... ಎರಡರ ತನಕ ಎಣಿಸಾಕ ಬರತೈತಲ್ಲ, ನಮ್ಮ ಬಿಎಸ್ಸಿ ಹುಡುಗರಿಗಿಂತ ಅಡ್ಡಿಯಿಲ್ಲ ಅಂದೆ ನಮ್ಮವ್ವಗ.

ಯಾಕ ನಗತಿ ಬೇ ಆಯಿ? ನಗು, ನಗು. ನಾನೇನು ಖುಷಿಲೆ ಬಂದಿಲ್ಲ ಇಲ್ಲಿಗೆ. ಗಂಗಾವತಿಯಿಂದ ಹೇಮಗುಡ್ಡದ ತನಕ, ಈ ಬಿಸಲಾಗ, ಗಾಡಿ ಟಾಂಕಿ ಮ್ಯಾಲ ಎರಡು ವರ್ಷದ ಕೂಸಿನ್ನ ಕುಂದ್ರಿಸ್ಕೊಂಡು... ಗುಲಬರ್ಗಾದಾಗ ಫಿಜಿಕ್ಸ್ ಎಂಎಸ್ಸಿ ಓದಿದಾಂವ, ಕಾಲೇಜಿನ್ಯಾಗ ಪಾಠಾ ಹೇಳಾಂವ, ಚೀಲದಾಗ ಉಪ್ಪು ಮೆಣಸಿನಕಾಯಿ ಕಟಗೊಂಡು ಅಂಜಿಕಿ ತಗಿಯೋ ಕಳಕಮ್ಮನ ಅಂಗಳದಾಗ ಕುಂತಾನ. ನನ್ನ ಹುಡುಗರು ಯಾರರ ನೋಡಿದ್ರ, ಸೋಮವಾರ ಬೋರ್ಡಿನ ಮ್ಯಾಲ ಬೇವಿನ ತಪ್ಪಲಾ ಬರದಿಟ್ಟಿರತಾರ. 'ರವಿಕುಮಾರ ಸರ್‌ಗೆ' ಅಂತ.

ಹೆಂಗ ಕುಂತೈತಿ ನೋಡು, ನಿನ್ನ ಮೊರದಾಗಿನ ಜ್ವಾಳಾ ಕೆದರಿಕೋತ. ಏ ವಿಜ್ಜಿ, ಚೆಲ್ಲಬ್ಯಾಡವಾ!... ಇರ್ಲಿ ಅಂತೀಯಾ? ಇರ್ಲಿ ಬಿಡು. ಹಗಲೆಲ್ಲಾ ಹಿಂಗ ಇರತೈತಿ. ಆಡತೈತಿ, ಉಣ್ಣತೈತಿ, ಕೋಳಿ ಹಿಂದ ಓಡತೈತಿ. ಹಗಲು ನೋಡಿದಾವ್ರು, ಈ ಕೂಸಿಗೇನಾಗೈತಿ ಅಂತ ನನ್ನ ಬೈದು ಹೋಗತಾರ.

ರಾತ್ರಿದು ಹೇಳಲೇನು? ಇವತ್ತಿಗೆ ಇಪ್ಪತ್ತೊಂದು ರಾತ್ರಿ ಆತು. ಒಂಬತ್ತಕ್ಕ ಮಲಗತೈತಿ, ಛಲೋನ ಮಲಗತೈತಿ. ಹನ್ನೊಂದು ದಾಟಿತು ಅಂದ್ರ ತಟ್ಟನ ಎದ್ದು ಕುಂದರತೈತಿ. ಕಣ್ಣು ತೆರದಿರತಾವ, ಆದ್ರ ನನ್ನ ನೋಡಂಗಿಲ್ಲ... ನನ್ನ ಹಿಂದ ಏನೋ ನೋಡತೈತಿ. ಆಮ್ಯಾಲ ಒದರತೈತಿ. ಅಳೂದಲ್ಲ ಆಯಿ, ಅತ್ರ ಸಮಾಧಾನ ಮಾಡಬಹುದು. ಒದರೂದು! ಉಸರು ಹಿಡಿದು, ಮಾರಿ ಕೆಂಪಗಾಗಿ, ಕೈಕಾಲು ಸೆಟದು... ಎತಗೊಂಡ್ರ ಹಿಂದಕ್ಕ ಬಾಗತೈತಿ, ಎದಿಗೆ ಒದೀತೈತಿ. ನನ್ನ ಎದಿಗೆ. ಹಾಲು ಕೊಟ್ಟೆ, ಚೆಲ್ಲತು. ಮೊಬೈಲಿನ್ಯಾಗ ಬೆಕ್ಕಿನ ಮರಿ ತೋರಿಸಿದೆ, ಮೊಬೈಲ್ ಒಗೀತು. ಒಂದ ರಾತ್ರಿ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ರೈಸ್ ಮಿಲ್ಲುಗಳ ಸುತ್ತ ಮೂರು ಸುತ್ತು ಹಾಕಿದೆ. ಭತ್ತಾ ಕುದಿಸೋ ವಾಸನಿಗೆ ನನಗ ನಿದ್ದಿ ಬಂತು, ಅದಕ್ಕ ಬರಲಿಲ್ಲ.

ಡಾಕ್ಟರಿಗೆ ತೋರಿಸ್ಲಾರದ ಬರತೀನೇನು! ತೋರಿಸೀನಿ. ಕಿವಿ ನೋಡಿದ್ರು, ಗಂಟಲಾ ನೋಡಿದ್ರು, ಹೊಟ್ಟಿ ಒತ್ತಿದ್ರು. ಏನೂ ಇಲ್ಲ ಅಂದ್ರು. ಸಣ್ಣ ಹುಡುಗರು ಹಿಂಗ ನಿದ್ದಿಗಣ್ಣಾಗ ಬೆಚ್ಚಿ ಏಳತಾವ, ಗಾಬರಿ ಆಗಬ್ಯಾಡ್ರಿ, ಅಲುಗಿಸಿ ಎಬ್ಬಸಬ್ಯಾಡ್ರಿ, ಬಾಜೂಕ ಕುಂತು ಸಣ್ಣಗ ಮಾತಾಡ್ರಿ, ತಾನ ಮಲಗತೈತಿ. ಹಂಗ ಮಾಡಿದೆ. ಬಾಜೂಕ ಕುಂತೆ, ಸಣ್ಣಗ ಮಾತಾಡಿದೆ. ನನ್ನ ದನಿ ಕೇಳಿ ಇನ್ನೂ ಜೋರಾತು.

ಮನಿಯಾಗ ಏನರ ಬದಲಾಗೈತೇನ್ರಿ ಅಂತ ಕೇಳಿದ್ರು ಡಾಕ್ಟರು. ಏನಿಲ್ರಿ ಅಂದೆ.

...ಹಂಗ್ಯಾಕ ನೋಡತಿ? ಗೊತ್ತೈತಿ ನಿನಗ, ಊರಿಗೆಲ್ಲಾ ಗೊತ್ತೈತಿ. ಅದರವ್ವ ಇಲ್ಲ ಮನಿಯಾಗ. ಸತ್ತಿಲ್ಲ ಬಿಡು, ಗಟ್ಟಿ ಅದಾಳ. ಅನುಸೂಯಾ. ನರ್ಸ್. ತಾವರಗೇರಾದ ಕಡೆ ಪರ್ಮನೆಂಟ್ ಆರ್ಡರ್ ಬಂತು, ಕೂಸಿನ್ನ ಕರಕೊಂಡು ಹೋಗತೀನಿ, ನೀವೂ ಬರ್ರಿ ಅಂದ್ಲು. ನಾ ಯಾಕ ಹೋಗಲಿ? ನನಗ ಇಲ್ಲಿ ಕೆಲಸ ಐತಿ. ಗೆಸ್ಟ್ ಲೆಕ್ಚರರ್... ಹೂಂ, ಹನ್ನೊಂದು ವರ್ಷದಿಂದ ಗೆಸ್ಟ್. ಯಾರ ಮನಿಯಾಗೂ ಇಷ್ಟು ದಿನ ಬೀಗರು ಉಳದಿರಂಗಿಲ್ಲ. ಇದಕ್ಕ ನಗಬ್ಯಾಡ ನೋಡು. ಹೋಗೂದಾದ್ರ ನೀ ಹೋಗು, ಕೂಸು ಇಲ್ಲೇ ಇರತೈತಿ ಅಂದೆ. ಹೋದ್ಲು. ಎರಡು ತಿಂಗಳಾತು. ಒಂದ ದಿನ ಬಂದು ಕೂಸಿನ ಮಾರಿ ನೋಡಿಲ್ಲ. ಒಂದ ದಿನ.

ನಾಳೆ ಐತಾರ, ಹಿರೇರು ಕೂಡ್ತಾರ ನಮ್ಮ ಮನಿಯಾಗ. ಕೂಸು ಅಪ್ಪನ ಹತ್ರ ಇರಬೇಕೋ ಅವ್ವನ ಹತ್ರ ಇರಬೇಕೋ, ನಾಳೆ ಬಗೀಹರೀತೈತಿ. ಅನುಸೂಯಾನ ಅಪ್ಪ ಸಣ್ಣಪ್ಪ ಏನು ಹಬ್ಬಿಸ್ಯಾನ ಕೇಳೀಯೇನು? ನನ್ನ ಮಗಳು ಡ್ಯೂಟಿ ಮುಗಿಸಿ ಕಡೀ ಬಸ್ಸಿಗೆ ಗಂಗಾವತಿಗೆ ಬಂದಿದ್ಲು, ಬಾಗಿಲಾಗ ನಿಂತು ಕೂಸಿನ್ನ ಕರದ್ಲು, ಒಳಗ ಬಿಡಲಿಲ್ಲ, ಅಂತ. ಯಾವ ರಾತ್ರಿ ಅಂತ ಕೇಳಿದ್ರ... ಅದ ರಾತ್ರಿ! ದೆವ್ವ ಬಂದ ರಾತ್ರಿ. ದೆವ್ವಕ್ಕೂ ಬಸ್ಸಿಗೂ ಒಂದ ಟೈಮು.

ಸಣ್ಣಪ್ಪನ ಮಾತು ನಾಳೆ ನಿಂದ್ರಂಗಿಲ್ಲ ಬಿಡು. ನಮ್ಮವ್ವ ಫಕೀರಮ್ಮ ಆಣಿ ಮಾಡಾಕ ತಯಾರ ಅದಾಳ. ಪಡಸಾಲ್ಯಾಗ ಮಲಗಿದ್ಲು, ಎಚ್ಚರ ಇದ್ಲು, ಕಿವಿಯಾರೆ ಕೇಳ್ಯಾಳ. 'ವಿಜ್ಜೀ...' ಒಂದು. 'ವಿಜ್ಜೀ...' ಎರಡು. ಬೆರಳು ಮಡಚಿ ಎಣಿಸ್ಯಾಳ. ದನಿ ಸೊಸಿ ದನಿ ಹಂಗ ಇತ್ತು ಅಂತ ಅಕಿನ ಹೇಳತಾಳ. ಮೂರನೇ ಸಲ ಕರದಿದ್ರ ಎದ್ದು ಅಗಳಿ ತಗೀತಿದ್ಲು. ಮೂರನೇ ಬೆರಳು ಹಿಡಕೊಂಡು ಕಾದಾಳ ಪಾಪ... ಬರಲಿಲ್ಲ. ಸೊಸಿ ದನಿ ಕದ್ದು ಬಂದಿತ್ತಪಾ ಅದು, ಅಂದ್ಲು. ನಮ್ಮವ್ವ ಸುಳ್ಳು ಹೇಳಾಕಿ ಅಲ್ಲ ಆಯಿ. ಅಕಿ ಆಣಿಗೆ ನಮ್ಮ ಮಂದಿಯಾಗ ಕಿಮ್ಮತ್ತೈತಿ.

ಅದರ ಮ್ಯಾಲ ನೀನೂ ಒಂದು ಮಾತು... ಗಾಳೀನ ಬಡದೈತಿ ಅಂತ, ಯಾರರ ಕೇಳಿದ್ರ... ಏನಿಲ್ಲ. ಮಾತಿಗೆ ಅಂದೆ.

ನಾನಾ? ನಾನೇನೂ ಕೇಳಿಲ್ಲ. ಒಳಗ ರೂಮಿನ್ಯಾಗ ಸತ್ತಾಂವನಂಗ ಮಲಗಿದ್ದೆ.

ಉಪಾಯ ಮಾಡದ ಬಿಟ್ಟಿಲ್ಲ. ನಮ್ಮವ್ವ ಕಾಲಿಗೆ ಕರಿ ದಾರ ಕಟ್ಟಿದ್ಲು. ಬಾಜು ಮನಿ ಜಾಸ್ಮೀನ ದರ್ಗಾದಿಂದ ನೀರು ಊದಿಸಿ ತಂದು ಕೊಟ್ಲು. ನಾ ಒಂದು ವಹಿ ಮಾಡಿದೆ! ಕೂಸು ಎಷ್ಟೊತ್ತಿಗೆ ಎದ್ದಿತು, ಎಷ್ಟು ಹೊತ್ತು ಒದರಿತು, ಏನು ಉಂಡಿತ್ತು, ಮಿಲ್ಲಿನ ಸೀಟಿ ಆಗಿತ್ತೋ ಇಲ್ಲೋ... ಗ್ರಾಫ್ ಹಾಕಿದೆ. ಮಿಲ್ಲಿನ ಸೀಟಿಗೂ ಅದಕ್ಕೂ ಸಂಬಂಧ ಇಲ್ಲ. ಊಟಕ್ಕೂ ಇಲ್ಲ. ನಡುವ ಎರಡು ರಾತ್ರಿ ಎದ್ದೇ ಇಲ್ಲ ಅದು. ಅಮಾಸಿ ದಾಟಿತಲ್ಲ ಅದಕ್ಕ, ಅಂದ್ಲು ನಮ್ಮವ್ವ. ಆ ಎರಡು ದಿನ ನಾ ಗ್ರಾಫಿನ್ಯಾಗ ಹಿಡೀಲಿಲ್ಲ. ಪೇಪರ್ ತಿದ್ದಾಕ ಕೊಪ್ಪಳಕ್ಕ ಹೋಗಿದ್ದೆ, ಅಲ್ಲೇ ಉಳದಿದ್ದೆ. ಕಣ್ಣಾರೆ ನೋಡಲಾರದ್ದನ್ನ ಲೆಕ್ಕಕ್ಕ ಹಿಡಿಯೂದು ವಿಜ್ಞಾನ ಅಲ್ಲ.

...ಏನು? ಹೂಂ ಅಂದೇನಲ್ಲ, ನಾ ಇರಲಿಲ್ಲ ಆ ಎರಡು ರಾತ್ರಿ. ಅದಕ್ಕೇನೀಗ?

ತಗೋ, ಸಾಮಾನು ನೋಡಿಕೋ. ಉಪ್ಪು, ಒಣಮೆಣಸಿನಕಾಯಿ, ಕಸಬರಿಗಿ ಕಡ್ಡಿ. ಇದು ಮಣ್ಣು. ನೀನ ಹೇಳಿ ಕಳಿಸಿದ್ದಿಯಲ್ಲಾ, ಕೂಸಿನ್ನ ಯಾವುದು ಅಂಜಿಸೈತೋ ಅದರ ಹೆಜ್ಜಿ ಮಣ್ಣು ಬೇಕು ಅಂತ. ನಾಯಿ ಅಂಜಿಸಿದ್ರ ನಾಯಿ ಹೆಜ್ಜಿದು, ಹೋರಿ ಅಂಜಿಸಿದ್ರ ಹೋರಿ ಹೆಜ್ಜಿದು. ಆ ಮಣ್ಣು ಕೂಸಿನ ಸುತ್ತ ಇಳಿ ತಗದು ಬೆಂಕ್ಯಾಗ ಹಾಕಿದ್ರ ಅಂಜಿಕಿ ಹೋಗತೈತಿ. ದೆವ್ವದ ಕಾಲು ಹಿಂದುಮುಂದು ಇರತಾವಂತಲ್ಲ, ಅದರ ಹೆಜ್ಜಿ ಬಂದದ್ದೋ ಹೋದದ್ದೋ ಹೆಂಗ ಗುರುತು ಹಿಡೀತಿ?

ಯಾಕ ಮೂಸಿ ನೋಡತಿ?... ಚೆಲ್ಲಿದ್ಯಾಕ ಬೇ? ಏ ಆಯಿ!... ಆತು, ಆತು. ತುಳಸಿ ಕುಂಡ್ಯಾಗಿನ ಮಣ್ಣದು. ಏನು ಮಾಡಲಿ? ಬಾಗಿಲ ಮುಂದ ಸಿಮೆಂಟ್ ರೋಡ್ ಹಾಕ್ಯಾರ, ಅದರ ಮ್ಯಾಲ ಯಾರದೂ ಹೆಜ್ಜಿ ಮೂಡಂಗಿಲ್ಲ. ಮಣ್ಣಿರೋದು ಮನಿ ಬಾಜೂಕ ಸಂದ್ಯಾಗ ಅಷ್ಟ. ಅಲ್ಲಿಂದ ತರಬೇಕಂತಿದ್ದೆ, ಆದ್ರ ಅಲ್ಲಿ ಅವತ್ತು ಜಗ್ಗಾಡಿ ಜಗ್ಗಾಡಿ ಎಲ್ಲಾ...

ಬೆಕ್ಕು. ಬೆಕ್ಕು ಜಗಳಾಡತಾವ ಅಲ್ಲಿ. ರಾತ್ರಿಯೆಲ್ಲಾ.

ಸುಮ್ಮನ ಯಾಕ ಕುಂತಿ? ನೀ ಏನರ ಕೇಳಬೇಕಲ್ಲ, ಮಂತ್ರಾ ಗಿಂತ್ರಾ ಅನ್ನಬೇಕಲ್ಲ. ಬಂದಾಗಿಂದ ನಾನ ಮಾತಾಡಾಕತ್ತೀನಿ.

ಅಲ್ನೋಡು... ಮಲಗಿಬಿಟ್ಟೈತಿ. ನಿನ್ನ ತೊಡಿ ಮ್ಯಾಲ! ಮುಟಗ್ಯಾಗ ಜ್ವಾಳದ ಕಾಳು ಹಿಡಕೊಂಡು... ಯಾವಾಗ ಹತ್ತಿತು ನಿದ್ದಿ? ಜೋಗುಳಾ ಇಲ್ಲ, ತಟ್ಟಲಿಲ್ಲ, ಏನಿಲ್ಲ. ನೀ ಸುಮ್ಮನ ಕುಂತಿದ್ದಿ ಅಷ್ಟ. ಇಪ್ಪತ್ತೊಂದು ದಿನದಾಗ ನನ್ನ ತೊಡಿ ಮ್ಯಾಲ ಒಂದ ಸಲ ಹಿಂಗ... ಗಲ್ಲದ ಮ್ಯಾಲ ನೊಣಾ ಕುಂತೈತಿ. ತಡಿ, ನಾ ಹೊಡೀತೀನಿ. ಎಬ್ಬಸಂಗಿಲ್ಲ, ಹಗೂರ್ಕ... ಶ್... ಶ್ ವಿಜ್ಜಿ, ಏನಿಲ್ಲ, ಏನಿಲ್ಲವಾ, ಅಪ್ಪ ನಾ...

ನೋಡಿದ್ಯಾ? ನೋಡಿದ್ಯಾ ಆಯಿ? ಇದನ್ನ ಮಾಡತೈತಿ! ನನ್ನ ಕೈ ಹತ್ರ ಬಂತಂದ್ರ ತನ್ನ ಅಂಗೈಲೆ ತನ್ನ ಬಾಯಿ ಮುಚ್ಚಿಕೊಳ್ಳತೈತಿ. ರಾತ್ರಿನೂ ಹಿಂಗ. ಒದರೂದು, ನಾ ಹತ್ರ ಹೋದ ಕೂಡಲೆ ಬಾಯಿ ಮುಚ್ಚಿಕೊಳ್ಳೂದು, ಕಣ್ಣು ಹಿಂಗ ಅಗಲ ಮಾಡೂದು... ದವಡಿ ಹಲ್ಲು ಬರಾಕತ್ತಿರಬೇಕು. ಒಸಡು ನೋಯಿಸತಿರತಾವ, ಅದಕ್ಕ ಬಾಯಿಗೆ ಕೈ ಹಾಕತೈತಿ. ಇನ್ನೇನು?

ಬೆರಳು ಹಾಕಿ ಯಾಕ ನೋಡತಿ?... ಎಲ್ಲಾ ಬಂದಾವಾ? ಹಿಂದಿನವೂ?

ಹೌದಾ.

ಬಾ ವಿಜ್ಜಿ, ಅಪ್ಪನ ಹತ್ರ ಬಾ... ಬ್ಯಾಡ ಬಿಡು, ಅಲ್ಲೇ ಇರು. ಆಯಿ ಸೆರಗು ಹಿಡಕೊಂಡು ಅಲ್ಲೇ ಇರು.

ಬೈಯಿ ಬೇ ಆಯಿ, ಬೇಕಾದ್ರ. ಈಗ ಯಾಕ ಬಗ್ಗಿದಿ? ನನ್ನ ಕಾಲು ಮುಟ್ಟಬ್ಯಾಡ, ದೊಡ್ಡಾಕಿ ನೀ... ಏನು ಹುಡುಕತಿ ಅಲ್ಲಿ? ಮಣ್ಣಾ? ನನ್ನ ಚಪ್ಲಿ ಬುಡದ ಮಣ್ಣು ಯಾಕ ತಗೀತಿ? ಬ್ಯಾಡ. ಆಯಿ, ಬ್ಯಾಡ ಅಂದೆ! ಇದೆಲ್ಲಾ ಮೂಢನಂಬಿಕಿ, ನಾ ನಂಬಂಗಿಲ್ಲ, ಅದನ್ನ ಕೂಸಿನ ಸುತ್ತ ಇಳಿ ತಗೀಬ್ಯಾಡ... ನಾ ಅದರ ಅಪ್ಪ ಅದೀನಿ! ನನ್ನ ಹೆಜ್ಜಿ ಮಣ್ಣು ಎದಕ್ಕ ಬೇಕು ನಿನಗ?

...ಕೂಸು ಬಾಯಿ ಮ್ಯಾಲಿನ ಕೈ ತಗದು ಸುಮ್ಮನ ಆತು.

ಹೊಡದಿಲ್ಲ ನಾ. ಖರೇನ ಆಯಿ, ಒಂದ ಏಟು ಹೊಡದಿಲ್ಲ. ನಮ್ಮವ್ವ ಎದ್ದು ಬಾಗಿಲಾ ತಗದ್ಲಂದ್ರ ಕೂಸು ಕೈ ಬಿಟ್ಟು ಹೋಗತೈತಿ, ಅಷ್ಟ ಇತ್ತು ನನ್ನ ತಲ್ಯಾಗ. ಹಿತ್ತಲ ಬಾಗಿಲಿಂದ ಹೋಗಿ, ಮುಂದಿನ ಬಾಗಿಲಾಗ ನಿಂತಾಕಿನ್ನ ಸಂದಿಗೆ ಜಗ್ಗಿದೆ. ಇದು ನನ್ನ ಹಿಂದ ಎದ್ದು ಬಂದದ್ದು ಗೊತ್ತಾಗಲಿಲ್ಲ. ತಿರುಗಿ ನೋಡತೀನಿ... ಕಂಬದ ಲೈಟಿನ ಬೆಳಕಿನ್ಯಾಗ ಬರಿಗಾಲಿಲೆ ನಿಂತೈತಿ, ಅಳೂದಿಲ್ಲ ಏನಿಲ್ಲ, ಅವರವ್ವನ ಮಾರಿ ನೋಡಾಕತ್ತೈತಿ.

ನಾಳೆ ನಮ್ಮವ್ವ ಹೇಳೂದು ಸುಳ್ಳಲ್ಲ. ಎರಡ ಸಲ ಕೇಳ್ಯಾಳ ಅಕಿ.

ಮೂರನೇ ಸಲ ಕರಿಯಾಕ ಅನುಸೂಯಾ ಬಾಯಿ ತಗದಿದ್ಲು. ನಾ ಅಂಗೈಲೆ ಮುಚ್ಚಿದೆ.