ಹೊಟ್ಟೆಯೊಳಗಿನ ಸರ್

ಇನ್ನೂ ಕೋಪಾನಾ ಲವೀನಿಯಾ? ಅಯ್ಯೋ, ಪಾದ್ರಿ ಮನೆ ಊಟಕ್ಕೆ ನಿನಗಿಂತ ಮುಂಚೆ ನಾನು ಒಳಗೆ ಹೋದದ್ದು ತಪ್ಪೇ ತಪ್ಪು, ಆಯ್ತಾ? ನಿನ್ನ ಗಂಡ ಸರ್ ಆಂಬ್ರೋಸ್ ತೀರಿಕೊಂಡು ತಿಂಗಳಾಗಿಲ್ಲ, ಆಗ್ಲೇ ತಮ್ಮನ ಹೆಂಡ್ತಿ ದೊಡ್ಡ ಓರಗಿತ್ತೀನ ಹಿಂದೆ ಹಾಕಿದ್ಲು ಅಂತ ಫಾಲ್ಮತ್ ಊರೆಲ್ಲಾ ಆಡ್ಕೊಳ್ತಿದೆ. ಆಡ್ಕೊಳ್ಳಲಿ! ಊರ ಬಾಯಿಗೆ ಬೀಗ ಹಾಕೋಕಾಗುತ್ತಾ?

ಯಾಕೆ ನಗ್ತೀಯ? ಆ ಮುದುಕ ಪಾದ್ರಿ "ಬನ್ನಿ, ಲೇಡಿ ಟ್ರೆಗಾರಿಕ್" ಅಂದ. ಸರ್ ಹೆಂಡ್ತೀನೇ ಲೇಡಿ, ಅವಳೇ ಮೊದಲು ಒಳಗೆ ಹೋಗ್ಬೇಕು; ಕರೆದಿದ್ದು ನಿನ್ನನ್ನೇ. ಗೊತ್ತು... ಗೊತ್ತಿದ್ದೂ ಎದ್ದುಬಿಟ್ಟೆ ಕಣೇ.

ನನಗೇನು ಆ ಬಿರುದಿನ ಹುಚ್ಚಾ? ಮಾವ ಶತ್ರುಗಳ ಹಡಗು ಸುಟ್ಟರು, ದೊರೆ ಮೆಚ್ಚಿ 'ಸರ್' ಅಂತ ಬಿರುದು ಕೊಟ್ಟ, ವಂಶದ ಗಂಡುಮಕ್ಕಳಿಗೆ ಒಬ್ಬರಾದಮೇಲೆ ಒಬ್ಬರಿಗೆ. ಅವರಾದಮೇಲೆ ನಿನ್ನ ಗಂಡ. ಈಗ ನಿನ್ನ ಹೊಟ್ಟೇಲಿರೋದು ಗಂಡಾದ್ರೆ ಅದಕ್ಕೆ, ಹೆಣ್ಣಾದ್ರೆ ನನ್ನ ಗಂಡ ಬಾರ್ನಬಿಗೆ. ನೀನು ಹೆರೋವರೆಗೆ ಯಾರೂ ಸರ್ ಅಲ್ಲ! ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೀವಿ... ನಾನಲ್ಲಮ್ಮ, ಬಾರ್ನಬಿ. ಕಪ್ತಾನನಾಗೋಕೆ ಒಂದು ಹಡಗು ಕೊಡಿ ಅಂತ ನೌಕಾಪಡೆ ದೊಡ್ಡವರ ಬಾಗಿಲು ತಟ್ಟಿ ತಟ್ಟಿ ಸಣ್ಣಗಾಗಿದಾನೆ ಪಾಪ. ಬರೀ ಬಾರ್ನಬಿಗೆ ಯಾರು ಕೊಡ್ತಾರೆ? ಸರ್ ಬಾರ್ನಬಿ ಅಂದ್ರೆ ಕುರ್ಚಿ ಎಳೆದು ಕೂರಿಸ್ತಾರೆ.

ತಗೋ, ಕೋಳಿ ಸಾರು. ಆರುತ್ತೆ, ಕುಡಿ.

ಹೆಣ್ಣೇ ಬಿಡು! ಹೆಣ್ಣು ಹೊಟ್ಟೇಲಿದ್ರೆ ತಾಯಿ ಚೆಲುವನ್ನ ಕದಿಯುತ್ತಂತೆ, ನಿನ್ನ ಮುಖ ನೋಡು ಎಷ್ಟು ಬಾಡಿದೆ. ಹೆಣ್ಣಾದ್ರೇನು, ನಾನೇ ಫ್ರಾಕ್ ಹೊಲೀತೀನಿ, ನಾನೇ ಎತ್ತಿ ಆಡಿಸ್ತೀನಿ...

ಏನು, ಒದೀತಾ? ಎಲ್ಲಿ? ಕೈ ಇಲ್ಲಿಡ್ಲಾ? ಅಬ್ಬಾ!... ಜೋರಾಗೇ ಇದೆ.

ಸಾಕು, ಕೈ ಬಿಡು. ಬಿಡೇ ಲವೀನಿಯಾ, ಯಾಕೆ ಹೀಗೆ ಒತ್ತಿ ಹಿಡ್ಕೊಂಡಿದ್ದೀಯ? ಹೌದು, ದಿನಾ ಚರ್ಚಿಗೆ ಹೋಗ್ತೀನಿ. ಯಾರು ಹೇಳಿದ್ರು ನಿಂಗೆ? ಹೋಗ್ಬಾರ್ದಾ? ಹೆಣ್ಣು ಕೊಡಪ್ಪಾ ಅಂತ ಕೇಳ್ತೀನಿ. ಅಷ್ಟೇ. ಅಷ್ಟೇ ಅಂದ್ನಲ್ಲ!

ಬೈಯಿ, ಕಪಾಳಕ್ಕೆ ಬಾರಿಸು, ಹಾಗೆ ಮಾತ್ರ ನೋಡ್ಬೇಡ, ನನ್ ಕೈಲಾಗಲ್ಲ... ಅಯ್ಯೋ, ಮತ್ತೆ ಒದೀತು... ಗಂಡೇ ಆಗೋದಾದ್ರೆ ಅಳೋಕೆ ಮುಂಚೇನೇ ವಾಪಸ್ ಕರ್ಕೋ ದೇವ್ರೇ ಅಂತ... ಒಂದೇ ಸಲ ಕಣೇ, ನಿನ್ನಾಣೆ, ಒಂದೇ ಒಂದು ಸಲ ಕೇಳ್ಕೊಂಡೆ!